ಏಳೂರ ಕೂಸಿನ ಬ್ಯಾಡವ್ವ

ಕೂಸು ಬಂದ ಏಳನೆಯ ವರ್ಷ, ಹದಿಮೂರನೆಯ ತಿಂಗಳ ಕೊನೆಯ ದಿನ. ನಿಮ್ಮ ಎಣಿಕೆಯಲ್ಲಿ ಬಹುಶಃ ೨೩೪೧ನೇ ಇಸವಿ.

ನೀಲಾಂಬಿಕಾ ತಾಯಿಯವರಿಗೆ, ಹೊಳೆಯಾಚೆಗೆ ಹೊರಟು ನಿಂತಿರುವ ಫಕೀರವ್ವನ ಶರಣು.

ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಹದಿಮೂರನೆಯ ತಿಂಗಳು ಎಂದಕೂಡಲೇ ಮುದುಕಿಗೆ ಅರಳುಮರಳು ಅಂದುಕೊಳ್ಳಬೇಡಿ. ಬೇಸಿಗೆ ಬೆಳೆಯುತ್ತಾ ಹೋಗಿ ಹಳೆಯ ತಿಂಗಳುಗಳಲ್ಲಿ ಹಿಡಿಸದಾದಾಗ, ಉಳಿದವುಗಳಿಂದ ಎರಡೆರಡು ದಿನ ಕಿತ್ತು ಬೆಂಕಿಮಾಸ ಎಂಬ ಇನ್ನೊಂದು ತಿಂಗಳನ್ನು ಮಾಡಿಕೊಂಡೆವು. ನಿಮ್ಮನ್ನು ಏನೆಂದು ಕರೆಯುವುದು ಎಂಬುದೂ ಒಂದು ಪೇಚು. ನನಗಿಂತ ಮುನ್ನೂರು ವರ್ಷ ಹಿರಿಯರು ನೀವು, ಆದರೆ ನಾನು ನೆನೆಯುವಾಗಲೆಲ್ಲ ಮೂವತ್ತು ದಾಟದ ಹೆಂಗಸಾಗಿ ಕಾಣುತ್ತೀರಿ. ತಾಯಿ ಎಂದರೆ ಹಿರಿಯರಿಗೂ ಸಲ್ಲುತ್ತದೆ, ಮಗಳಂಥವಳಿಗೂ ಸಲ್ಲುತ್ತದೆ. ಅದಕ್ಕೇ ಹಾಗೆ ಕರೆದೆ. ಒಂದು ಹೊಣೆ ಮುಗಿಸಿ ಊರು ಬಿಡುವವರು ಹಿಂದಿನವರಿಗೆ ಒಂದು ಓಲೆ ಬರೆಯುವುದು ನಮ್ಮಲ್ಲಿ ಪದ್ಧತಿ. ಹಿಂದೋಲೆ ಅನ್ನುತ್ತೇವೆ. ನಿಮ್ಮ ಕಾಲದ ಸೇತುವೆ ಮುರಿದು ಬಿದ್ದು ಒಂದೇ ಕಂಬ ಉಳಿದಿದೆ, ಅದರ ಬಿರುಕಿನಲ್ಲಿ ಇಟ್ಟು ಬರುತ್ತೇವೆ. ಯಾರಿಗೂ ತಲುಪಿದ್ದು ನಾನು ಕೇಳಿಲ್ಲ.

ನಿಮ್ಮ ಹೆಸರು ಗೊತ್ತಾದದ್ದು ಒಂದು ಲೋಟದಿಂದ. ಮಗ್ಗದ ಮನೆಗೆ ಅಡಿಪಾಯ ತೋಡುವಾಗ ಸಿಕ್ಕ ಸ್ಟೀಲಿನ ಲೋಟ, ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ: ನೀಲಾಂಬಿಕಾ ಚ. ಬೇವೂರ. ಮೈತುಂಬ ನೆಗ್ಗು. ಊರಿನ ಜಾಣರೆಲ್ಲ ಕೂಡಿ ಇದು ಬೆಳ್ಳುಳ್ಳಿ ಜಜ್ಜುವ ಸಾಧನ ಎಂದು ತೀರ್ಮಾನಿಸಿದರು. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕೂಸು ಎಸೆದ ಲೋಟಗಳಲ್ಲೂ ಅಂಥವೇ ನೆಗ್ಗು ಬೀಳುತ್ತವೆ, ಅದೇ ಎತ್ತರದಿಂದ, ಅದೇ ಸಿಟ್ಟಿನಿಂದ. ನಿಮ್ಮ ಮನೆಯಲ್ಲೂ ಒಂದು ಎಸೆಯುವ ಕೈ ಇತ್ತು. ಬಿದ್ದ ಲೋಟವನ್ನು ಎತ್ತಿ ತೊಳೆದು ಮತ್ತೆ ಅದೇ ಕೈಗೆ ನೀರು ಕೊಟ್ಟವರು ನೀವು. ಅವತ್ತಿನಿಂದ ಲೋಟ ನನ್ನ ಬಳಿ, ನನ್ನ ಮನಸ್ಸಿನ ಮಾತೆಲ್ಲ ನಿಮ್ಮ ಜೊತೆಗೇ.

ನಮ್ಮ ಕೂಸು ಎಂದರೆ ಒಂದೇ ಕೂಸು. ನಿಮಗೆ ನಂಬುವುದು ಕಷ್ಟವಾದೀತು, ಓಣಿ ತುಂಬ ಮಕ್ಕಳು ಕಂಡವರು ನೀವು. ನಮ್ಮ ಏಳೂರುಗಳಲ್ಲಿ ಹದಿನೆಂಟು ವರ್ಷ ಒಂದು ತೊಟ್ಟಿಲೂ ತೂಗಲಿಲ್ಲ. ನೀರಿನ ದೋಷ ಎಂದರು, ಗಾಳಿಯದು ಎಂದರು, ಪೂರ್ತಿ ಗೊತ್ತಿದ್ದವರು ಯಾರೂ ಇಲ್ಲ. ಆ ವರ್ಷಗಳಲ್ಲಿ ನಾನು ನಲವತ್ತೊಂದು ಕುಲಾವಿ ಹೊಲಿದಿದ್ದೆ, ಹಾಕಲು ತಲೆ ಇರಲಿಲ್ಲ. ಆಮೇಲೆ ನಮ್ಮೂರಿನ ಈರಮ್ಮನಿಗೆ ಒಂದು ಹೆಣ್ಣು ಕೂಸು ಹುಟ್ಟಿತು. ವರ್ಷದ ಲೆಕ್ಕವನ್ನೇ ಅದರ ಹುಟ್ಟಿನಿಂದ ಹೊಸದಾಗಿ ಶುರುಮಾಡಿದೆವು. ಏಳೂರಿನವರು ಏಳು ಹೆಸರಿಟ್ಟರೂ ಕೊನೆಗೆ ನಿಂತದ್ದು ದ್ಯಾಮಿ ಎಂಬ ಹೆಸರು. ವಾರದಲ್ಲಿ ಒಂದೊಂದು ದಿನ ಒಂದೊಂದು ಊರಿಗೆ ದ್ಯಾಮಿ. ಬೆಳಿಗ್ಗೆ ಒಯ್ದು, ಬಿಸಿಲಿಳಿದ ಮೇಲೆ ತಾಯಿಗೆ ತಂದೊಪ್ಪಿಸುತ್ತಾರೆ. ಓಣಿಯ ಮೇಲೆ ಕಟ್ಟಿದ ನೆರಳುಬಟ್ಟೆಯ ಕೆಳಗೆ ಹೆಂಗಸರು ಗಂಡಸರು ಸಾಲಾಗಿ ನಿಂತು ಕಾಯುತ್ತಿದ್ದರು. ಒಬ್ಬರ ಕೈಯಲ್ಲಿ ಶೇಂಗಾದ ಉಂಡಿ, ಒಬ್ಬರ ಕೈಯಲ್ಲಿ ಬೆಲ್ಲ. ನೆಲಕ್ಕೆ ಕಾಲೂರಲು ಬಿಡಲಿಲ್ಲ. ವಾರಕ್ಕೊಮ್ಮೆ ಸಿಗುವ ಕೂಸಿಗೆ ಬೇಡ ಎಂದು ಯಾರು ಅಂದಾರು? ಸಂಜೆ ಸಿಗುವ ತಾಯಿಯಂತೂ ಅನ್ನಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನಮ್ಮಲ್ಲಿ ಏಳೂರೂ ಹೆತ್ತಿತ್ತು. ದ್ಯಾಮಿ ಎರಡೂವರೆ ವರ್ಷಕ್ಕೆ ಕಚ್ಚಲು ಶುರುಮಾಡಿದಳು. ಕಚ್ಚಿಸಿಕೊಂಡವರು ಹಲ್ಲಿನ ಗುರುತನ್ನು ನೆರೆಮನೆಗೆ ಹೋಗಿ ತೋರಿಸಿ ಬಂದರು. ಮೂರಕ್ಕೆ ಒದೆಯಲು ಕಲಿತಳು, ಒದೆಸಿಕೊಂಡವರು ಪ್ರಸಾದ ಸಿಕ್ಕವರಂತೆ ನಕ್ಕರು. ಆಡಿನ ಮರಿಯ ಕಾಲು ತಿರುವಿದಳು, ಆಡನ್ನು ಬೇರೆ ಕಡೆ ಕಟ್ಟಿದರು. ನಾಲ್ಕು ತುಂಬಿದ ವಾರದಲ್ಲಿ ಮಗ್ಗದ ಲಾಳಿಯನ್ನು ಬೀಸಿ, ನೇಯುತ್ತ ಕೂತಿದ್ದ ಬಾಳಪ್ಪಜ್ಜನ ಎಡಗಣ್ಣಿಗೆ ಹೊಡೆದಳು. ರಕ್ತ ಗಡ್ಡಕ್ಕೆ ಇಳಿಯುತ್ತಿದ್ದರೂ ಆ ಪುಣ್ಯಾತ್ಮ "ನನ್ನ ಬಂಗಾರದ್ದೇನೂ ತಪ್ಪಿಲ್ಲೋ, ನನ್ನ ಕಣ್ಣ ಅಡ್ಡ ಬಂತು" ಅಂದ. ಎಲ್ಲರೂ ದ್ಯಾಮಿಯ ಸುತ್ತ ನೆರೆದು, ಹೆದರಿತೇನೋ ಕೂಸು ಎಂದು ಬಾಯಿಗೆ ಬೆಲ್ಲ ಹಾಕಿದರು. ನಾನು ಅವಳ ಮುಖ ನೋಡುತ್ತಿದ್ದೆ. ಬಾಯಲ್ಲಿ ಬೆಲ್ಲ, ಕಣ್ಣಲ್ಲಿ ದಿಗಿಲು. ಎಲ್ಲಿ ನಿಲ್ಲಬೇಕೆಂದು ಯಾರಾದರೂ ಹೇಳಿ ಎಂದು ಒಬ್ಬೊಬ್ಬರ ಮುಖವನ್ನೂ ಹುಡುಕುತ್ತಿದ್ದಳು. ಯಾರೂ ಹೇಳದಿದ್ದಾಗ ಚೀರತೊಡಗಿದವಳು ಸಂಜೆಯವರೆಗೆ ಚೀರಿದಳು. ಬಾಳಪ್ಪಜ್ಜನ ಆ ಕಣ್ಣು ಮತ್ತೆ ಬರಲಿಲ್ಲ.

ಏಳೂರಿನ ಹಿರಿಯರು ಸೇರಿದರು. ಕೂಸಿಗೆ ಯಾರಾದರೂ ಬೇಡ ಅನ್ನಲೇಬೇಕು ಎಂಬುದರಲ್ಲಿ ಎಲ್ಲರದೂ ಒಮ್ಮತ, ಬೆಕ್ಕಿಗೆ ಗಂಟೆ ಕಟ್ಟುವವರು ಮಾತ್ರ ಇಲ್ಲ. ಕೂಸಿನ ಪ್ರೀತಿ ಕಳೆದುಕೊಳ್ಳಲು ಯಾರು ತಯಾರಿದ್ದಾರು? ಕೊನೆಗೆ ಮಹಾ ಉಪಾಯವೊಂದು ಹೊಳೆಯಿತು: ಬೈಯುವ ಕೆಲಸವನ್ನೆಲ್ಲ ಒಬ್ಬರಿಗೇ ಒಪ್ಪಿಸುವುದು, ಮುದ್ದು ಮಾಡುವ ಕೆಲಸ ಉಳಿದವರೆಲ್ಲರದು. ಆ ಒಬ್ಬಳಿಗೆ ಬ್ಯಾಡವ್ವ ಎಂದು ಹೆಸರಿಟ್ಟರು. ಚೀಟಿ ಎತ್ತಿದಾಗ ನನ್ನ ಹೆಸರು ಬಂತು. ಕಟ್ಟಳೆಗಳನ್ನು ಓದಿ ಹೇಳಿದರು. ಬ್ಯಾಡವ್ವ ಏಳೂ ದಿನ ಕೂಸಿನ ಹಿಂದೆ ಇರಬೇಕು. ಮುದ್ದು ಕೊಡಬಾರದು, ತೊಡೆಯ ಮೇಲೆ ಕೂರಿಸಿಕೊಳ್ಳಬಾರದು, ಸಿಹಿ ಕೊಡಬಾರದು, ಕಥೆ ಹೇಳಬಾರದು. ಹೊಡೆಯಲೂಬಾರದು. ಕೂಸಿಗೆ ಏಳು ತುಂಬಿದ ದಿನ ಅವಳು ಹೊಳೆ ದಾಟಿ ಹೋಗಿಬಿಡಬೇಕು, ಕೂಸಿನ ಮನಸ್ಸಿನ ಸಿಟ್ಟೆಲ್ಲ ಅವಳ ಜೊತೆಗೇ ಹೋಗಲಿ ಅಂತ. ನಲವತ್ತೊಂದು ಕುಲಾವಿ ಹೊಲಿದವಳಿಗೆ ಈ ಕೆಲಸ ಬಂತು ನೋಡಿ. ಒಲ್ಲೆ ಎನ್ನಬಹುದಿತ್ತು. ಏಳೂ ದಿನ ಅವಳ ಜೊತೆ ಇರಬಹುದು ಎಂಬ ಒಂದೇ ಆಸೆಗೆ ಹೂಂ ಎಂದೆ.

ನನಗೇನು ಬರುತ್ತಿತ್ತು, ತಾಯಿ? ಮೊದಲ ತಿಂಗಳು ಕೂಗಿದೆ. ಅವಳು ನನಗಿಂತ ಜೋರಾಗಿ ಕೂಗಿದಳು. ಕೋಣೆಯಲ್ಲಿ ಕೂಡಿಹಾಕಿದೆ, ಉಪ್ಪಿನಕಾಯಿಯ ಭರಣಿ ಒಡೆದು ಹೊರಗೆ ಬಂದಳು. ಮುಖ ತಿರುಗಿಸಿ ಕೂತೆ. ಜಡೆ ಹಿಡಿದು ಜಗ್ಗಿದಳು. ಒಂದು ದಿನ ನನ್ನ ಕೈಯೂ ಮೇಲೆದ್ದಿತ್ತು, ನಿಮ್ಮಿಂದ ಏನನ್ನು ಮುಚ್ಚಿಡಲಿ. ಹೊಡೆಯಬೇಡ ಎಂದು ಹೊಡೆದು ಹೇಳಿದರೆ ಅವಳ ಬುದ್ಧಿಗೆ ಏನು ತಿಳಿದೀತು ಎನಿಸಿ ಇಳಿಸಿದೆ. ಅವತ್ತು ಸಾಕಾಗಿ ನೆಲಕ್ಕೆ ಕೂತೆ. ಕೂತಾಗ ಅವಳ ಕಣ್ಣೂ ನನ್ನ ಕಣ್ಣೂ ಸಮ ಆದವು. ಎರಡೂ ಮಣಿಕಟ್ಟು ಮೆಲ್ಲಗೆ ಹಿಡಿದು "ಬ್ಯಾಡ. ಹೊಡಿಯೂದು ಬ್ಯಾಡ" ಅಂದೆ. ಆಮೇಲೆ ಮಾತಾಡಲಿಲ್ಲ, ಕೈಯನ್ನೂ ಬಿಡಲಿಲ್ಲ. ಒದ್ದಳು, ಉಗಿದಳು, ಸತ್ತು ಹೋಗು ಅಂದಳು. ನೆರಳು ಒಂದು ಹಾಸುಗಲ್ಲಿನಿಂದ ಮುಂದಿನ ಹಾಸುಗಲ್ಲಿಗೆ ಸರಿಯುವಷ್ಟು ಹೊತ್ತು ಕೂತಿದ್ದೆವು. ಮೆಲ್ಲಗೆ ಉಸಿರು ಇಳಿಯಿತು, ಕೈ ಮೆತ್ತಗಾಯಿತು. ಆಗ ನಿಮ್ಮ ಲೋಟಕ್ಕೆ ನೀರು ತುಂಬಿ ಅವಳ ಕೈಗೆ ಕೊಟ್ಟು, ಯಾರನ್ನು ಹೊಡೆದಿದ್ದಳೋ ಅವರಿಗೆ ಒಯ್ದು ಕೊಡು ಎಂದೆ. ಹೊಡೆದ ಕೈಯಿಂದಲೇ ನೀರು. ಅದೊಂದು ಕಟ್ಟಳೆ ನಾನೇ ಮಾಡಿದ್ದು, ನಿಮ್ಮ ಲೋಟ ಕಲಿಸಿದ್ದು.

ಒಂದೇ ದಿನಕ್ಕೆ ಬದಲಾದಳು ಅಂದರೆ ಸುಳ್ಳಾಗುತ್ತದೆ. ಮೊದಲ ವರ್ಷ ದಿನಕ್ಕೆ ಆರೇಳು ಸಲ ಲೋಟ ತುಂಬಿಸಿದೆ. ಅರ್ಧ ನೀರು ದಾರಿಯಲ್ಲೇ ಚೆಲ್ಲುತ್ತಿದ್ದಳು, ಬೇಕೆಂತಲೇ. ಬಾಳಪ್ಪಜ್ಜನಿಗೆ ಮಾತ್ರ ಒಂದು ಹನಿಯನ್ನೂ ಚೆಲ್ಲದೆ ಒಯ್ಯುತ್ತಿದ್ದಳು. ಊರವರು ನನ್ನನ್ನು ಕಲ್ಲೆದೆಯವಳು ಅಂದರು, ಕೆಲವರು ಎದುರಿಗೇ ಅಂದರು. ಬೈಯಲು ಅವರೇ ನೇಮಿಸಿದ್ದರು, ಬೈದದ್ದಕ್ಕೆ ಬೈಯುವವರೂ ಅವರೇ. ಎರಡನೆಯ ವರ್ಷದಲ್ಲಿ ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ದ್ಯಾಮಿ ಹೊರಗಿನಿಂದ ಓಡಿ ಬಂದಳು, ಮುಖ ಕೆಂಪು, ಹಲ್ಲು ಕಚ್ಚಿದ್ದಳು. ಬಂದವಳೇ ಎರಡೂ ಕೈ ಮುಂದೆ ಚಾಚಿ "ಹಿಡಿ ಬ್ಯಾಡವ್ವ, ಲಗೂ ಹಿಡಿ" ಅಂದಳು. ಹಿಟ್ಟಿನ ಕೈಯಲ್ಲೇ ಹಿಡಿದೆ. ಅವತ್ತು ಯಾರಿಗೂ ಏಟು ಬೀಳಲಿಲ್ಲ. ಉಸಿರು ಇಳಿದ ಮೇಲೆ ಕೈ ಬಿಡಿಸಿಕೊಂಡು, ಹಿಟ್ಟು ಒರೆಸಿಕೊಂಡು, ಬಾಗಿಲಲ್ಲಿ ಬೆಲ್ಲ ಹಿಡಿದು ನಿಂತಿದ್ದ ಯಾರದೋ ತೊಡೆಗೆ ಹೋಗಿ ಕೂತಳು. ನಾನು ಹೆಂಚಿನ ಮೇಲೆ ಸೀದ ರೊಟ್ಟಿ ತೆಗೆದೆ.

ನನಗೆ ಎಷ್ಟು ಆಸೆ ಇತ್ತೆಂದು ನಿಮಗೊಬ್ಬರಿಗೆ ಹೇಳುತ್ತೇನೆ. ತಲೆ ಬಾಚುವ ಆಸೆ. ಔಡಲೆಣ್ಣೆ ಹಚ್ಚಿದ ಆ ಕೂದಲನ್ನು ಒಮ್ಮೆ ಮೂಸುವ ಆಸೆ. ಅವಳು ಬೇರೆಯವರ ತೊಡೆಯಲ್ಲಿ ನಿದ್ದೆಹೋದಾಗ ಎರಡು ಮಾರು ದೂರ ಕೂತು ಅವಳ ಕಾಲ ಬೆರಳು ಎಣಿಸುತ್ತಿದ್ದೆ, ಹತ್ತೇ ಇರುತ್ತವೆಂದು ಗೊತ್ತಿದ್ದರೂ. ಮೂರು ವರ್ಷ ಹಾಗೆ ಕಳೆದೆ. ನೀವು ಒಂದೇ ಬಾಯಲ್ಲಿ ಬೈದು ಅದೇ ಬಾಯಲ್ಲಿ ಮುದ್ದಿಸಿದವರು. ನಿಮಗೆ ಅದು ದೊಡ್ಡ ಸಂಗತಿ ಎಂದು ಅನಿಸಿರಲಿಕ್ಕೂ ಇಲ್ಲ. ನನಗೆ ಹೊಟ್ಟೆಕಿಚ್ಚು ಬರುತ್ತದೆ, ಇದ್ದದ್ದನ್ನು ಇದ್ದಹಾಗೆ ಹೇಳುತ್ತೇನೆ.

ಹೋದ ವಾರ ಊಟಕ್ಕೆ ಕೂತಾಗ ದ್ಯಾಮಿ ತಾಯಿಯನ್ನು ಕೇಳಿದಳಂತೆ: "ಬ್ಯಾಡವ್ವ ಹ್ವಾದ್ರ ನನಗ ಬ್ಯಾಡ ಅನ್ನಾವ್ರು ಯಾರು?" ಮರುದಿನ, ಜನರೆಲ್ಲ ನಡುಹಗಲ ನಿದ್ದೆಯಲ್ಲಿದ್ದಾಗ, ಈರಮ್ಮ ನನ್ನ ಬಾಗಿಲಿಗೆ ಬಂದು "ಯಕ್ಕಾ, ಹೆಂಗ ಹಿಡಿಬೇಕು ತೋರಸು" ಎಂದಳು. ತೋರಿಸಿದೆ. ನಿಂತು ಹಿಡಿಯಬಾರದು, ಕೂತು ಹಿಡಿ. ಹೆಬ್ಬೆರಳು ಎಲುಬಿಗೆ ಒತ್ತಬಾರದು. ಬ್ಯಾಡ ಅನ್ನುವುದು ಒಂದೇ ಸಲ, ಆಮೇಲೆ ಬಾಯಿ ಮುಚ್ಚಿಕೊಂಡಿರು. ಅವಳು ನನ್ನ ಕೈಯನ್ನೇ ಹಿಡಿದು ಕಲಿತಳು. ಹಿಡಿಯುವುದು ಬಂತು, ಮಾತು ಬರಲಿಲ್ಲ. ಬ್ಯಾಡ ಎಂಬ ಮಾತನ್ನು ಸಾಲ ಕೇಳುವವಳಂತೆ ಅಂದಳು. "ಆಕಿ ನನ್ನ ಮ್ಯಾಲೆ ಮುನಿಸಿಕೊಂಡ್ರ ಏನ ಮಾಡ್ಲಿ?" ಎಂದು ಅತ್ತಳು. ಮುನಿಸಿಕೊಳ್ಳಲಿ ಬಿಡು, ಕತ್ತಲಾದ ಮೇಲೆ ನಿನ್ನ ಮಗ್ಗುಲಿಗೇ ಬಂದು ಮಲಗುತ್ತಾಳೆ, ನನಗೆ ಆ ಭಾಗ್ಯವೂ ಇರಲಿಲ್ಲ ಎಂದೆ. ಸ್ವಲ್ಪ ಬಿರುಸಾಗಿಯೇ ಅಂದೆ ಅನ್ನಿಸುತ್ತದೆ.

ಈಗ ನನ್ನ ಕೋರಿಕೆ. ಅಪ್ಪ ಬರಲಿ ತಾಳು, ಮಾಸ್ತರಿಗೆ ಹೇಳುತ್ತೇನೆ ತಾಳು, ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ, ಗುಮ್ಮ ಬರುತ್ತಾನೆ ಎಂದೆಲ್ಲ ನಿಮ್ಮ ಕಾಲದವರು ಮಕ್ಕಳನ್ನು ಹೆದರಿಸುತ್ತಿದ್ದರೆಂದು ಹಳಬರು ಹೇಳುತ್ತಿದ್ದರು. ನಾವೂ ಅದನ್ನೇ ಮಾಡಿದೆವು. ಗುಮ್ಮನಿಗೆ ಒಂದು ಸೀರೆ ಉಡಿಸಿ ಚೀಟಿ ಎತ್ತಿ ನೇಮಿಸಿದೆವು, ಅಷ್ಟೇ ವ್ಯತ್ಯಾಸ. ಆ ಗುಮ್ಮ ನಾನು. ಇನ್ನೊಮ್ಮೆ ಆ ಲೋಟ ಹಾರಿ ಬಂದರೆ, ತಾಯಿ, ನಿಮ್ಮ ಬೇಡವನ್ನು ಯಾರ ಕೈಗೂ ಕೊಡಬೇಡಿ. ನೀವೇ ಕೂತು, ನೀವೇ ಹಿಡಿದು, ನೀವೇ ಅನ್ನಿ. ಆಮೇಲೆ ತಲೆ ಬಾಚಿ. ನನ್ನ ಪಾಲಿನದನ್ನೂ ಸೇರಿಸಿ ಬಾಚಿ.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಅಷ್ಟರಲ್ಲಿ ದ್ಯಾಮಿ ಬಂದಳು. ಎರಡೂ ಕೈಯಲ್ಲಿ ನಿಮ್ಮ ಲೋಟ, ಕಂಠಮಟ ನೀರು, ಒಂದು ಹನಿಯೂ ಚೆಲ್ಲಿರಲಿಲ್ಲ. ಹಿಂದೆ ಈರಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ನೀನು ನನ್ನನ್ನು ಹೊಡೆದೇ ಇಲ್ಲವಲ್ಲ, ನೀರು ಯಾಕೆ ಎಂದು ಕೇಳಿದೆ. "ನಾಳಿ ಹೊಡಿತೀನಿ. ನೀ ಹೊಂಟಾಗ ಹೊಡಿತೀನಿ. ಆಮ್ಯಾಲೆ ನೀ ಸಿಗೂದಿಲ್ಲ, ಅದಕ್ಕ ಇವತ್ತ ತಂದೀನಿ" ಎಂದಳು. ನೀರು ಕುಡಿದೆ. ಲೋಟ ಕೆಳಗಿಟ್ಟು ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ತಲೆ ಮೂಸಿದೆ. ಔಡಲೆಣ್ಣೆಯದೇ ವಾಸನೆ. ಈರಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಏಳೂರಿನ ಕಟ್ಟಳೆ ಮುರಿದಿದ್ದೇನೆ ಎಂದು ಇಲ್ಲಿ ಬರೆದೇ ಇಡುತ್ತೇನೆ.

ಲೋಟವನ್ನು ಈರಮ್ಮನಿಗೆ ಬಿಟ್ಟು ಹೋಗುತ್ತೇನೆ, ನಿಮ್ಮ ಅಪ್ಪಣೆ ಇದೆ ಎಂದುಕೊಂಡು. ನಾಳೆ ಬೆಳಿಗ್ಗೆ ದಂಡೆಯ ಮೇಲೆ ದ್ಯಾಮಿ ಹೊಡೆಯಲು ಬಂದೇ ಬರುತ್ತಾಳೆ, ಮಾತು ತಪ್ಪುವವಳಲ್ಲ. ನಾನು ಅವಳ ಕೈ ಹಿಡಿಯುವುದಿಲ್ಲ. ಹರಿಗೋಲಿನಲ್ಲಿ ಕೂತು ಹಿಂದಕ್ಕೂ ತಿರುಗುವುದಿಲ್ಲ. ಕಿವಿ ಮಾತ್ರ ಈ ದಂಡೆಯಲ್ಲೇ ಇರುತ್ತದೆ, ಈರಮ್ಮನ ಬಾಯಿಂದ ಒಂದು ಬ್ಯಾಡ ಕೇಳಿಸುವವರೆಗೆ.

ನಿಮ್ಮ ಲೋಟದ ಋಣದವಳು,
ಫಕೀರವ್ವ