ಡಬ್ಲಿನ್ನಿನಲ್ಲಿ ಮುದ್ದೆ

ಅವ್ವ,

ನಿನ್ನ ತಿಥಿಗೆ ಮಳವಳ್ಳಿಗೆ ಬಂದಾಗ ತಂದ ರಾಗಿಹಿಟ್ಟಿನಲ್ಲಿ ಇವತ್ತು ಮುದ್ದೆ ಕಟ್ಟಿದೆ. ಅಗಿಯಬಾರದು, ನುಂಗಬೇಕು ಎಂದು ಜೊತೆಗಿರುವ ಕೀರನ್‌ಗೆ ಹೇಳಿಕೊಟ್ಟವಳು, ಸಾರಿನಲ್ಲಿ ಅದ್ದಬೇಕು ಎನ್ನುವುದನ್ನೇ ಮರೆತಿದ್ದೆ. ದೊಡ್ಡ ತುತ್ತು ಅವನ ಗಂಟಲಲ್ಲಿ ಸಿಕ್ಕಿಕೊಂಡಿತು. ಉಸಿರೇ ಇಲ್ಲ, ಮುಖ ಕಪ್ಪಿಟ್ಟಿತು. ಬೆನ್ನಿಗೆ ಗುದ್ದುತ್ತಾ "ಉಗೀಲಾ, ಉಗಿ!" ಎಂದು ನಿನ್ನ ಹಾಗೇ ಕಿರುಚಿದೆ. ಅವನಿಗೆ ಕನ್ನಡ ಬರುವುದಿಲ್ಲ, ಆದರೂ ಉಗಿದ. ಆಮೇಲೆ ಕೆಮ್ಮು ನಿಲ್ಲಲೇ ಇಲ್ಲ.

ಅದೇ ಕೆಮ್ಮು. ಹೋದ ವರ್ಷ ಫೋನಿನಲ್ಲಿ ನೀನು "ಅದ್ಯಾರವ್ವ ಕೆಮ್ತಿರೋದು?" ಎಂದು ಕೇಳಿದ್ದೆಯಲ್ಲ. ಟೀವಿ ಅಂದೆ ನಾನು. ನೀನು "ಆ ಟೀವಿಗೆ ವಸಿ ಸುಂಟಿ ಕಸಾಯ ಕುಡ್ಸು ಕಣವ್ವ" ಅಂದೆ.

ಇವತ್ತು ಕುಡಿಸಿದೆ. ನೀನು ಬೆಲ್ಲ ಎಷ್ಟು ಹಾಕುತ್ತಿದ್ದೆ, ಅವ್ವ?