ಮೂಲೆ ಅಂಗಡಿಯ ಕಾಫಿ, ನಮ್ಮ ಅಡುಗೆಮನೆಯಲ್ಲಿ

ಸೊಟ್ಟಮೂತಿ,

ನಾನು ಕ್ಲಿನಿಕ್ ಕೆಲಸಕ್ಕೆ ಹೊರಟೆ, ನೀನಿನ್ನೂ ಗೊರಕೆ ಹೊಡೀತಿದ್ದೀಯ. ಮೂಲೆ ಅಂಗಡಿಯ ಚಾಕಲೇಟ್ ಕಾಫಿಗೆ ದಿನಾ ದುಡ್ಡು ಸುರಿದಿದ್ದು ಸಾಕು, ಇವತ್ತಿಂದ ಮನೇಲೇ ಮಾಡ್ಕೋ.

ಕೋಕೋ ಪುಡಿ, ಇನ್‌ಸ್ಟಂಟ್ ಕಾಫಿ ಪುಡಿ, ಸಕ್ಕರೆ ಮೂರನ್ನೂ ಮೊದಲು ಸ್ವಲ್ಪ ಬಿಸಿನೀರಲ್ಲಿ ನುಣ್ಣಗೆ ಕಲಸು. ಹೋದ ಸಲ ನೀನು ನೇರ ಹಾಲಿಗೇ ಸುರಿದೆ, ಪಾಪ ಅಪ್ಪ ಗಂಟುಗಳನ್ನ ಒಣದ್ರಾಕ್ಷಿ ಅಂದ್ಕೊಂಡು ಅಗಿದ್ರು. ಚಿಟಿಕೆ ಉಪ್ಪೂ ಹಾಕು. ನಗಬೇಡ, ಅಂಗಡಿ ರುಚಿ ಬರೋದೇ ಅದರಿಂದ. ಬಿಸಿ ಹಾಲನ್ನ ಅಮ್ಮನ ಸ್ಟೀಲ್ ಬಾಟಲಿಗೆ ಅರ್ಧ ಮಾತ್ರ ತುಂಬಿ, ಚೆನ್ನಾಗಿ ಕುಲುಕಿ, ನೊರೆ ಸಮೇತ ಆ ಕಲಸಿದ್ದರ ಮೇಲೆ ಸುರಿ. ಮುಚ್ಚಳ ಬಿಗಿಯಾಗಿರಲಿ, ಮತ್ತೆ ಗೋಡೆ ಒರೆಸೋಕೆ ನನಗೆ ಪುರುಸೊತ್ತಿಲ್ಲ.

ನಿನ್ನೆ ನಾನೇ ಮಾಡಿ ಕುಡಿದೆ. ಅಲ್ಲಿಯ ಕಾಫಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ಇದನ್ನ ಕುಡಿದ ಮೇಲೂ, ಸಂಜೆ ಎರಡೆರಡು ಸಲ ತಲೆ ಬಾಚ್ಕೊಂಡು ಆ ಅಂಗಡಿಗೇ ಓಡಬೇಕು ಅನಿಸಿದ್ರೆ, ಮೊದಲು ನನಗೆ ಹೇಳು. ಅಲ್ಲಿ ಕಾಫಿ ಮಾಡೋ ಕನ್ನಡಕದ ಹುಡುಗನ ವಿಷಯ ಅಪ್ಪನ ಹತ್ರ ನಾನೇ ಎತ್ತುತ್ತೀನಿ. ನಿನ್ನ ಗಂಟು ಕಾಫಿನ ಕೊನೆ ಗುಟುಕಿನವರೆಗೂ ಕುಡಿದ ಮನುಷ್ಯ, ಇದಕ್ಕೂ ಬೈಯಲ್ಲ ಬಿಡು.

ಅಕ್ಕ