ಏಣಿಯನ್ನು ಕೊಟ್ಟುಬಿಟ್ಟರು

ಜುಲೈ ೯, ಬುಧವಾರ.

ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದವರು ನಾವೆಲ್ಲ ಏಣಿ ಎಂದು ಕರೆಯುವ ಉದ್ದನೆಯ ಆಟಗಾರನನ್ನು ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಇಬ್ಬರು ಎಳೆಯರನ್ನು ತಂದಿದ್ದಾರೆ. ಒಂಬತ್ತು ವರ್ಷ ಆಡಿದವನಿಗೆ ಸುದ್ದಿ ತಿಳಿದದ್ದು ಕಟಿಂಗ್ ಮಾಡಿಸಿಕೊಳ್ಳುವಾಗ, ಫೋನಿನಲ್ಲಿ. ಬೆಳಗ್ಗೆಯಿಂದ ನನಗೆ ಸಿಟ್ಟು ಇಳಿದಿಲ್ಲ.

ನಮ್ಮ ಬಸ್ ಡಿಪೋದಲ್ಲೂ ಅದೇ ಮಾತು. ಟೈರ್ ನೋಡಿಕೊಳ್ಳುವವನು, "ಮೂರು ವರ್ಷದ ಕಾಂಟ್ರಾಕ್ಟ್ ಕೇಳಿದ್ನಂತೆ. ಆ ಮೊಣಕಾಲಿಗೆ ಒಂದು ವರ್ಷವೇ ಹೆಚ್ಚು" ಎಂದ.

ನಾನು ಬಿಡಲಿಲ್ಲ. "ಕಳಿಸ್ಲಿ ಬಿಡಪ್ಪ. ಮೊದಲು ಅವನನ್ನ ಕರೆದು ಒಂದು ಮಾತು ಹೇಳ್ಬೇಕಿತ್ತು ತಾನೆ? ಮನುಷ್ಯ ಏನು ಸಾಮಾನಾ?"

ಬಸ್ಸಿನ ಕೆಳಗೆ ಮಲಗಿ ಬ್ರೇಕ್ ಬಿಚ್ಚುತ್ತಿದ್ದ ಹಿರಿಯ ಮೆಕ್ಯಾನಿಕ್ ಸ್ಪ್ಯಾನರ್ ಕೇಳಿದ. ಕೊಟ್ಟೆ. ಅಲ್ಲಿಂದಲೇ, "ಸೋಮವಾರದಿಂದ ನಾನು ಹೊಳೆಯಾಚೆ ಡಿಪೋಗಂತೆ ಸಾರ್. ಬೋರ್ಡಲ್ಲಿ ಓದ್ದೆ" ಎಂದ.

ಡಿಪೋ ಮ್ಯಾನೇಜರ್ ಆಗಿ ವರ್ಗಾವಣೆ ಪಟ್ಟಿ ಬರೆದವನು ನಾನೇ. ನಿನ್ನೆ ಸಂಜೆ ಅದನ್ನು ಬೋರ್ಡಿಗೆ ಅಂಟಿಸಿ, ಅವನ ಕಣ್ಣಿಗೆ ಬೀಳದಂತೆ ಹಿಂದಿನ ಗೇಟಿನಿಂದ ಮನೆಗೆ ಬಂದಿದ್ದೆ. ಹನ್ನೊಂದು ವರ್ಷ ಜೊತೆಗೆ ದುಡಿದವನು.

ಕೆಲಸ ಮುಗಿಸಿ ಸ್ಪ್ಯಾನರನ್ನು ಒರೆಸಿಯೇ ವಾಪಸು ಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಈಗಷ್ಟೇ ಭಾವ ಫೋನ್ ಮಾಡಿದ್ದರು. "ಏಣಿನ ಕಳಿಸಿದ ಆ ಮ್ಯಾನೇಜರ್‌ಗೆ ನಾಚಿಕೆ ಆಗಲ್ವೇನಯ್ಯಾ?" ಎಂದು ಕೇಳಿದರು.

ಆಗುತ್ತೆ ಭಾವ, ಎಂದೆ.